ತಂಗಿಯನ್ನು ಊರಿಗೆ ಕರೆತರುವ ಕುರಿತು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗ ಮಹನೀಯರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಹಾಯಕಿಯಾಗಿ ಸೇವೆ ಸಲ್ಲಿಸಿ ವಯೋನಿವೃತ್ತಿ ಹೊಂದಿದವಳಾಗಿದ್ದು, ಇದಕ್ಕೂ ಮೊದಲು ಯಾವುದೇ ಬರಹವನ್ನು ಪ್ರಕಟಣೆಗೆ ಸಲ್ಲಿಸಿರುವುದಿಲ್ಲ. ಸೇವಾವಧಿಯಲ್ಲಿ ನಾನು ಬರೆದುದೆಲ್ಲವೂ ಕಚೇರಿಯ ಪತ್ರಗಳೇ. ಆದುದರಿಂದ ಈ ಬರಹವೂ ಅದೇ ಜಾಡು ಹಿಡಿದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಪ್ರವಾಸ ಕಥನವೆಂದರೆ ಕಂಡ ಸ್ಥಳಗಳ ವಿವರವನ್ನು ನೀಡಬೇಕೆಂಬ ಪದ್ಧತಿ ನನಗೆ ತಿಳಿಯದ್ದೇನಲ್ಲ. ಆದರೆ ಇಂಗ್ಲೆಂಡಿನಲ್ಲಿ ನಾನು ಸರಿಯಾಗಿ ಕಂಡದ್ದು ಒಂದೇ ಒಂದು ಬೀದಿಯನ್ನು. ಆ ಬೀದಿಯ ಮತ್ತು ಆ ಪಟ್ಟಣದ ಹೆಸರನ್ನು ನನ್ನ ತಂಗಿಯ ಕೋರಿಕೆಯ ಮೇರೆಗೆ ಇಲ್ಲಿ ನಮೂದಿಸಿಲ್ಲ.

ಗೌರಿಬಿದನೂರು

ಪ್ರಯಾಣದ ತೀರ್ಮಾನವಾದದ್ದು ಗೌರಿಬಿದನೂರಿನಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ. ಅಣ್ಣ ಮುನಿರಾಜು ನಿವೃತ್ತ ಮುಖ್ಯೋಪಾಧ್ಯಾಯರು. ನಾವು ಮೂವರು ಮಕ್ಕಳು: ಅಣ್ಣ, ನಾನು, ಕಡೆಯವಳು ಶಾಂತ. ಶಾಂತ ನರ್ಸಿಂಗ್ ಓದಿ, ಮದುವೆಯಾಗಿ, ಗಂಡ ವೆಂಕಟೇಶರೊಂದಿಗೆ ಇಂಗ್ಲೆಂಡಿನ ಉತ್ತರ ಭಾಗಕ್ಕೆ ಹೋಗಿ ನೆಲೆಸಿದವಳು. ಆಸ್ಪತ್ರೆಯ ಕೆಲಸದಿಂದ ಅವಳೂ ನಿವೃತ್ತಳಾಗಿದ್ದಾಳೆ. ಮಕ್ಕಳಿಲ್ಲ. ಕಳೆದ ಚಳಿಗಾಲದಲ್ಲಿ ವೆಂಕಟೇಶರು ತೀರಿಕೊಂಡರು. ಅದಾದ ಕೆಲವು ತಿಂಗಳಿಗೆ ಯಾರೋ ಅವಳ ಮನೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ನಿಮ್ಮ ದೇಶಕ್ಕೆ ಹೋಗಿ’ ಎಂಬರ್ಥದ ಮಾತನ್ನೂ ಅದರ ಜೊತೆಗೆ ಇಲ್ಲಿ ಬರೆಯಲಾಗದ ಇನ್ನೊಂದು ಮಾತನ್ನೂ ಬರೆದು ಹೋಗಿದ್ದರು. ಅವಳು ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದಳು. ಒಂದು ದಿನ ಫೋನಿನಲ್ಲಿ ಮಾತನಾಡುತ್ತಿರುವಾಗ ತಡೆಯಲಾರದೆ ಅತ್ತುಬಿಟ್ಟಳು. ವಿಷಯ ಹೊರಬಿತ್ತು.

ಅಣ್ಣ ಮಹಡಿಯ ಕೋಣೆಗೆ ಸುಣ್ಣ ಹೊಡೆಸಿ, ಅವಳಿಗೆ ಕಷ್ಟವಾಗದಿರಲೆಂದು ಕುರ್ಚಿಯಂತೆ ಕೂರುವ ಕಕ್ಕಸನ್ನು ಹಾಕಿಸಿ, ನನ್ನನ್ನು ಕರೆಸಿದರು. ಅವರಿಗೆ ಮೊಣಕಾಲು ನೋವು. ಅಷ್ಟು ದೂರ ಹೋಗಲಾರರು.

“ನೀನು ಹೋಗು. ಕೈ ಹಿಡ್ಕೊಂಡು ಕರ್ಕೊಂಡು ಬಾ. ಅಷ್ಟೇ,” ಎಂದರು.

“ಅವಳೇನು ಮೇಕೆಮರೀನಾ ಅಣ್ಣ, ಹಗ್ಗ ಕಟ್ಟಿ ಎಳ್ಕೊಂಡು ಬರೋಕೆ?”

“ತಮಾಷೆ ಬೇಡ ಕಣಮ್ಮ. ವೆಂಕಟೇಶ ಹೋದ. ಒಬ್ಬಳೇ ಇದ್ದಾಳೆ. ವಯಸ್ಸು ಏನು ಹಿಂದಕ್ಕೆ ಹೋಗ್ತದಾ? ನಾಳೆ ಅವಳಿಗೆ ಒಂದು ಹೆಚ್ಚುಕಮ್ಮಿ ಆದ್ರೆ ಯಾರು ಬರ್ತಾರೆ? ಅದೊಂದು ಹೇಳಿಬಿಡು ನಂಗೆ. ಯಾರು ಬರ್ತಾರೆ?”

ಈ ಪ್ರಶ್ನೆಯನ್ನು ಹೊತ್ತುಕೊಂಡೇ ವೀಸಾಕ್ಕೆ ಅರ್ಜಿ ಹಾಕಿದೆ. ಹೊರಟೆ.

ದೇವನಹಳ್ಳಿ, ಆನಂತರ ಆಕಾಶ

ನಾನು ಗಂಡನನ್ನು ಕಳೆದುಕೊಂಡ ಮೇಲೆ ಚಿಕ್ಕಬಳ್ಳಾಪುರದಲ್ಲಿ ಮಗಳು ಸುಜಾತಳ ಮನೆಯಲ್ಲಿದ್ದೇನೆ. ಅಲ್ಲಿಂದ ವಿಮಾನ ನಿಲ್ದಾಣ ಬಹಳ ಸಮೀಪ. “ಮೆಜೆಸ್ಟಿಕ್‌ಗೆ ಹೋಗೋದಕ್ಕಿಂತ ಲಂಡನ್ನಿಗೆ ಹೋಗೋದೇ ಸಲೀಸು ಅತ್ತೆ,” ಎಂದು ಅಳಿಯ ಧೈರ್ಯ ಹೇಳಿದ. ನಮ್ಮ ದ್ರಾಕ್ಷಿ ತೋಟಗಳ ಮೇಲೆ ಹಾರಾಡುವ ವಿಮಾನಗಳನ್ನು ಅಷ್ಟು ವರ್ಷ ಕತ್ತೆತ್ತಿ ನೋಡಿದವಳು ಅಂದು ಅದರೊಳಗೆ ಕುಳಿತು ಕೆಳಗೆ ನೋಡಬೇಕೆಂದುಕೊಂಡಿದ್ದೆ. ಆದರೆ ವಿಮಾನ ನೆಲ ಬಿಡುವಾಗ ಕಣ್ಣು ಮುಚ್ಚಿಕೊಂಡೆನಾದ್ದರಿಂದ ಸದರಿ ತೋಟಗಳನ್ನು ವೀಕ್ಷಿಸಲು ಸಾಧ್ಯವಾಗಿರುವುದಿಲ್ಲ.

ಊಟವಾದ ಮೇಲೆ ಒಂದು ಚಿಕ್ಕ ಪ್ರಮಾದ ನಡೆಯಿತು. ನಾನು ಉಂಡ ತಟ್ಟೆ, ಬಟ್ಟಲು, ಚಮಚಗಳನ್ನು ಶೌಚಾಲಯದ ಸಣ್ಣ ಬೋಗುಣಿಯಲ್ಲಿ ತೊಳೆದು, ಒರೆಸಿ, ಜೋಡಿಸಿ ಗಗನಸಖಿಗೆ ಕೊಟ್ಟೆ. ಆಕೆ ತಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ನೀವು ಊಟವನ್ನೇ ಮಾಡಲಿಲ್ಲವೇ?” ಎಂದು ಕೇಳಿದಳು. ಪಕ್ಕದವರು ನಕ್ಕರು; ನಾನೂ ನಕ್ಕೆ. ಉಂಡ ಪಾತ್ರೆಯನ್ನು ತೊಳೆದೇ ಕೊಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಅದರ ಕಾರಣವನ್ನು ಮುಂದೆ ತಿಳಿಸಲಾಗುವುದು.

ಅಲ್ಲಿಯ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದರು. ಸೀರೆಗಳ ನಡುವೆ ಒಣ ಅವರೆಕಾಳಿನ ಗಂಟಿತ್ತು. ಒಂದು ಕಾಳನ್ನು ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದ ಇಂಗ್ಲಿಷ್ ವಾಕ್ಯಗಳಲ್ಲಿ ಅವರೆಕಾಳಿನ ಪ್ರಸ್ತಾಪವಿರಲಿಲ್ಲ. “ಬೀನ್ಸ್ ಸರ್. ಸಿಸ್ಟರ್‌ಗೆ,” ಎಂದೆ. ಪುಣ್ಯಾತ್ಮರು, “ನಿಮ್ಮ ತಂಗಿ ಅದೃಷ್ಟವಂತೆ,” ಎಂದು ಗಂಟನ್ನು ತಾವೇ ಕಟ್ಟಿಕೊಟ್ಟರು.

ತಂಗಿಯ ಬೀದಿ

ಟ್ಯಾಕ್ಸಿ ನಿಂತ ಮನೆಯ ಹೊರಬಾಗಿಲಿನಲ್ಲಿ ನಮ್ಮ ಅಮ್ಮ ನಿಂತಿದ್ದಳು. ಒಂದು ಕ್ಷಣ ನನಗೆ ಹಾಗೆಯೇ ಕಂಡಿತು. ಅದೇ ಬಾಗಿದ ಬೆನ್ನು, ಅದೇ ತೆಳ್ಳನೆಯ ಬಿಳಿ ಜಡೆ. ನಮ್ಮಮ್ಮ ತೀರಿಕೊಂಡಾಗ ಎಷ್ಟು ವಯಸ್ಸಾಗಿತ್ತೋ ಅದನ್ನು ನನ್ನ ಕಿರಿಯ ತಂಗಿ ದಾಟಿಬಿಟ್ಟಿದ್ದಾಳೆಂಬುದು ಆಗ ನನ್ನ ಗಮನಕ್ಕೆ ಬಂದಿತು.

“ಅಕ್ಕಾ, ಇದೇನೇ ಇಷ್ಟು ಗಿಡ್ಡ ಆಗ್ಬಿಟ್ಟಿದ್ದೀಯ?” ಎಂದಳು ಅವಳು.

“ನೀನೇನು ತೆಂಗಿನಮರ ಆಗಿದ್ದೀಯಾ?” ಎಂದೆ. ಇಬ್ಬರೂ ಅತ್ತೆವು. ಆಮೇಲೆ ಅವಳು ನನ್ನ ಹಿಂದಿನಿಂದ ಬಾಗಿಲನ್ನು ಮುಚ್ಚಿ, ಚಿಲಕ ಹಾಕಿ, ಅದರ ಮೇಲೊಂದು ಸರಪಳಿಯನ್ನೂ ಹಾಕಿ, ಕೈಯಿಂದ ಒಮ್ಮೆ ಜಗ್ಗಿ ನೋಡಿದಳು. ಬಣ್ಣವನ್ನು ಉಜ್ಜಿ ತೆಗೆದಿದ್ದಳಾದರೂ ಬಿಳಿ ಬಾಗಿಲಿನಲ್ಲಿ ತೆಳುಗೆಂಪು ಉಳಿದಿತ್ತು.

ಆ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಆತುಕೊಂಡಿವೆ. ಜಗಲಿಯಿಲ್ಲ. ಹಗಲು ಹೊತ್ತಿನಲ್ಲೂ ಎಲ್ಲ ಬಾಗಿಲುಗಳೂ ಮುಚ್ಚಿರುತ್ತವೆ. ಮೊದಲ ದಿನ ನಾನು ಕರ್ಫ್ಯೂ ಜಾರಿಯಲ್ಲಿದೆಯೆಂದೇ ಭಾವಿಸಿ ಕಿಟಕಿಯ ಬಳಿ ಹೋಗಲಿಲ್ಲ. “ಇಲ್ಲಿ ಯಾವಾಗ್ಲೂ ಹಿಂಗೇ ಅಕ್ಕ,” ಎಂದು ಶಾಂತ ತಿಳಿಸಿದಳು. ನಮ್ಮ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಮನೆಗಳ ಸಾಲಿನಲ್ಲಿ ಹೋದರೆ ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ಬಿರಿಯಾನಿ ಎಂಬುದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ತಿಳಿದುಹೋಗುತ್ತದೆ. ಇಲ್ಲಿ ಪಕ್ಕದ ಮನೆಯಲ್ಲಿ ಜನರಿದ್ದಾರೆಂಬುದಕ್ಕೆ ಕಸದ ಡಬ್ಬಿಯೊಂದೇ ಸಾಕ್ಷಿ.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದು ಮಾಡಿತು. ಎಂಬತ್ತು ದಾಟಿದ ಹೆಂಗಸೊಬ್ಬರು ಬಟ್ಟೆ ಮುಚ್ಚಿದ ಪಿಂಗಾಣಿ ಪಾತ್ರೆ ಹಿಡಿದು ನಿಂತಿದ್ದರು. ಪಕ್ಕದ ಮನೆಯ ಮಾರ್ಗರೆಟ್. ಏನೋ ಮೆಲ್ಲಗೆ ಹೇಳಿ, ನನ್ನ ತೋಳು ಸವರಿ, ಪಾತ್ರೆ ಕೊಟ್ಟು ಹೋದರು. ನಮ್ಮ ಕಡೆ ನೆರೆಮನೆಯವರು ಹೀಗೆ ಬೇಯಿಸಿದ ಊಟವನ್ನು ಮುಚ್ಚಿ ತಂದು, ತಗ್ಗಿದ ದನಿಯಲ್ಲಿ ಮಾತನಾಡಿ ಹೋಗುವುದು ಸಾವಿನ ಮನೆಗೆ. ಒಲೆ ಹಚ್ಚಬಾರದ ಮನೆಗೆ.

“ಯಾರೇ ಹೋದ್ರು ಶಾಂತಾ?” ಎಂದು ಕೂಗಿದೆ.

ಅವಳು ಮೆಟ್ಟಿಲಿಳಿದು ಬಂದು ಪಾತ್ರೆ ತೆರೆದು ನೋಡಿ, “ಯಾರೂ ಹೋಗಿಲ್ಲ. ನೀನು ಬಂದಿದ್ದೀಯ. ಅದಕ್ಕೆ ಆಲೂಗಡ್ಡೆ ಬೇಯಿಸಿ ಕೊಟ್ಟವ್ರೆ,” ಎಂದಳು.

ಪಾತ್ರೆ ಹಿಂತಿರುಗಿಸಿದ್ದು

ಬಂದ ಪಾತ್ರೆಯನ್ನು ಖಾಲಿಯಾಗಿ ಹಿಂತಿರುಗಿಸಬಾರದೆಂಬುದು ಓದುಗರಿಗೆಲ್ಲ ತಿಳಿದ ವಿಚಾರ. ನಾನು ಪಾತ್ರೆಯನ್ನು ಬೆಳಗಿ, ಅದರ ತುಂಬ ನಾನು ತಂದಿದ್ದ ಅವರೆಕಾಳನ್ನು ಹಾಕಿ, ಮೇಲೊಂದು ಬೆಲ್ಲದ ಅಚ್ಚನ್ನಿಟ್ಟು, ಮಾರ್ಗರೆಟ್‌ರವರ ಮನೆಗೆ ಹೋಗಿ ಕೊಟ್ಟು ಬಂದೆ. ಅವರು ಬಹಳ ಸಂತೋಷದಿಂದ ಸ್ವೀಕರಿಸಿದರು.

ಸಂಜೆ ಅವರು ಪಾತ್ರೆಸಮೇತ ಪುನಃ ಬಂದರು. ಅವರಾಡಿದ್ದನ್ನು ಶಾಂತ ನನಗೆ ಕನ್ನಡದಲ್ಲಿ ಹೇಳಿದ ಪ್ರಕಾರ, “ಇದನ್ನು ಕುದಿಸಿದೆ, ಮತ್ತೆ ಕುದಿಸಿದೆ. ಇದು ನನ್ನನ್ನೇ ನೋಡುತ್ತಾ ಕೂತಿದೆಯಮ್ಮ. ಏನು ಮಾಡಲಿ?”

ಅವರನ್ನು ಕೂರಿಸಿ ಚಹಾ ಕೊಟ್ಟು ಕಳುಹಿಸಿದ ಮೇಲೆ ಶಾಂತ ಸೊಂಟದ ಮೇಲೆ ಕೈಯಿಟ್ಟು ನನ್ನ ಎದುರು ನಿಂತಳು.

“ಅಡುಗೆ ಮಾಡಿ ಕೊಡೋದು ಬಿಟ್ಟು ಹಸಿ ಕಾಳು ಯಾಕೆ ಕೊಟ್ಟೆ?”

“ಬೇಯಿಸಿದ್ದು ಹೆಂಗೆ ಕೊಡೋದು?”

“ಯಾಕೆ, ಅವರು ತಿನ್ನಲ್ವಾ?” ಎಂದವಳು ತಾನೇ ಅರ್ಥ ಮಾಡಿಕೊಂಡು ಸೊಂಟದ ಮೇಲಿನ ಕೈ ಇಳಿಸಿದಳು. ಅನಂತರ ನಿಧಾನವಾಗಿ, “ಅಕ್ಕಾ, ಆ ಊರನ್ನ ಇಲ್ಲಿಗೂ ಹೊತ್ಕೊಂಡು ಬಂದಿದ್ದೀಯಾ?” ಎಂದಳು.

ಈ ಬಗ್ಗೆ ವಿವರಣೆ ನೀಡುವುದು ಅಗತ್ಯವಾಗಿದೆ. ನಮ್ಮದು ನಗರಗೆರೆ ಕಡೆಯ ಒಂದು ಹಳ್ಳಿ. ಅದರಲ್ಲಿಯೂ ಊರಾಚೆಯ ಕೇರಿ. ಈಗ ನಮ್ಮ ಮನೆಗಳ ಗೋಡೆಯಲ್ಲಿ ಬುದ್ಧನ ಪಟವಿದೆ, ಮಕ್ಕಳು ಓದಿ ಕೆಲಸದಲ್ಲಿದ್ದಾರೆ. ಆದರೆ ನಾವು ಚಿಕ್ಕವರಿದ್ದಾಗ ಮೇಲಿನ ಬೀದಿಯ ಮನೆಗಳವರು ನಮಗೆ ಕೊಡುವುದನ್ನು ಎತ್ತರದಿಂದ ಹಾಕುತ್ತಿದ್ದರು. ಚಹಾ ಕುಡಿದ ಲೋಟವನ್ನು ನಾವೇ ತೊಳೆದು ಗೂಡಿನಲ್ಲಿ ಬೋರಲಿಡಬೇಕಿತ್ತು. ನಮ್ಮಿಂದ ಏನಾದರೂ ಅವರ ಮನೆಗೆ ಹೋಗುವುದಿದ್ದರೆ ಅದು ಹೊಲದ ಹಸಿ ಕಾಳು, ತೆಂಗಿನಕಾಯಿ, ಬೆಲ್ಲ. ಬೇಯಿಸಿದ್ದು ಎಂದೂ ಇಲ್ಲ. ಮುಂದೆ ಕಚೇರಿಯಲ್ಲಿ ನನ್ನ ಡಬ್ಬಿಗೆ ಕೈಹಾಕಿ ತಿಂದ ಗೆಳತಿಯರು ಇದ್ದರು. ಅದನ್ನು ನಾನು ಮರೆತಿಲ್ಲ. ಆದರೂ ಅಪರಿಚಿತರ ಪಾತ್ರೆ ಕೈಗೆ ಬಂದ ಕೂಡಲೇ ಕೈ ತನ್ನಷ್ಟಕ್ಕೆ ತಾನೇ ಹಸಿ ಕಾಳಿನ ಗಂಟಿಗೆ ಹೋಯಿತು. ತಲೆಗೆ ತಿಳಿದದ್ದು ಕೈಗೆ ತಿಳಿಯಲು ಬಹಳ ಕಾಲ ಹಿಡಿಯುತ್ತದೆಯೆಂದು ತೋರುತ್ತದೆ.

“ಬಾಗಿಲ ಮೇಲೆ ಆ ಮಾತು ನೋಡ್ದಾಗ ನಂಗೆ ಏನನ್ನಿಸ್ತು ಗೊತ್ತಾ?” ಎಂದಳು ಶಾಂತ. “ಹೊಸದು ಅನ್ನಿಸಲೇ ಇಲ್ಲ. ಅಕ್ಷರ ಬೇರೆ, ಅಷ್ಟೇ. ಅಷ್ಟು ದೂರ ಓಡಿ ಬಂದ್ರೂ ಇದು ನನ್ನ ಅಡ್ರೆಸ್ ಹುಡುಕ್ಕೊಂಡು ಬಂತಲ್ಲಾ ಅಂತ ಅಳು ಬಂತು.”

ರಶೀದರ ಅಂಗಡಿ

ಬೀದಿಯ ಮೂಲೆಯಲ್ಲಿ ರಶೀದ್ ಎಂಬವರ ದಿನಸಿ ಅಂಗಡಿಯಿದೆ. ಇವರ ಹಿರಿಯರು ಪಾಕಿಸ್ತಾನದ ಕಡೆಯಿಂದ ಬಂದವರು. ಇವರು ಹುಟ್ಟಿದ್ದು ಅದೇ ಬೀದಿಯಲ್ಲಿ. ನಮ್ಮ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರಲ್ಲಿ ಬಹುತೇಕರು ಮುಸಲ್ಮಾನರಾಗಿದ್ದರಿಂದ ನನಗೆ ಸಾಕಷ್ಟು ಉರ್ದು ಬರುತ್ತದೆಯೆಂಬ ಭರವಸೆಯಿತ್ತು. ಅವರು ಕೊಟ್ಟ ಚೀಲವನ್ನು ಬೇಡವೆನ್ನಲು “ನಕ್ಕೋ ಭಾಯ್, ನಕ್ಕೋ,” ಎಂದೆ. ರಶೀದರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಒಳಗಿದ್ದ ಹೆಂಡತಿಯನ್ನು ಕರೆದು, ಪುನಃ ಹೇಳಿ ಎಂದು ನನ್ನಿಂದ ಹೇಳಿಸಿದರು. ಶಿಡ್ಲಘಟ್ಟದ ಉರ್ದುವಿಗೆ ಹೊರದೇಶದಲ್ಲಿ ದೊರೆತ ಈ ಮನ್ನಣೆಯನ್ನು ನಾನು ಸಂತೋಷದಿಂದ ದಾಖಲಿಸುತ್ತೇನೆ.

ಆದರೆ ಅಂದೇ ಅವರು ತಮ್ಮ ಫೋನನ್ನು ಶಾಂತಳಿಗೆ ತೋರಿಸಿದರು. ಬರುವ ಶನಿವಾರ ಆ ಬೀದಿಗೆ ಒಂದು ಗುಂಪು ಬರಲಿದೆ, ಬಾವುಟ ಹಿಡಿದು ‘ಹೊರಗಿನವರ’ ಮನೆಗಳ ಮುಂದೆ ನಿಲ್ಲಲಿದೆ ಎಂಬ ಸಂದೇಶ ಎಲ್ಲೆಡೆ ಹರಿದಾಡುತ್ತಿತ್ತು. ಶಾಂತಳ ಬಾಗಿಲ ಚಿತ್ರವೂ ಅದರಲ್ಲಿತ್ತು. ರಶೀದರು ಶನಿವಾರ ಅಂಗಡಿ ಮುಚ್ಚುವುದಾಗಿ ಹೇಳಿದರು. ಶಾಂತ ಮನೆಯೊಳಗೆ ಬಂದು ಸರಪಳಿ ಹಾಕಿ, “ಟಿಕೆಟ್ ನಂಗೂ ಒಂದು ಮಾಡಿಸು ಅಕ್ಕ,” ಎಂದಳು.

ಅಣ್ಣ ಹೇಳಿದ ಕೆಲಸ ನಾನು ಏನೂ ಮಾಡದೆಯೇ ಆಗಿಬಿಟ್ಟಿತ್ತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಅದನ್ನು ಹೇಳುವಾಗ ಅವಳು ನನ್ನ ಮುಖವನ್ನು ನೋಡಲಿಲ್ಲ.

ನನಗೆ ನಮ್ಮ ಮಾರುಕಟ್ಟೆಯ ಒಂದು ದಿನ ನೆನಪಾಯಿತು. ಒಂದು ವರ್ಷ ಯಾವುದೋ ಗಾಳಿಸುದ್ದಿಯಿಂದ ಪೇಟೆಯ ಅಂಗಡಿಗಳೆಲ್ಲ ಮುಚ್ಚಿ, ನೂಲು ತೆಗೆಯುವವರು ಮನೆಯಿಂದ ಹೊರಬರಲು ಹೆದರಿದ್ದರು. ಬೆಳಗಾಗುತ್ತಲೇ ಚಿಂತಾಮಣಿ ಕಡೆಯ ರೈತರು ಗೂಡು ಹೊತ್ತು ಬಂದಿಳಿದರು. ರೇಷ್ಮೆಗೂಡು ಯಾರ ಜಗಳ ಮುಗಿಯುವವರೆಗೂ ಕಾಯುವುದಿಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದುಬಿಡುತ್ತದೆ. ಬೆಳೆದವನಿಗೂ ನಷ್ಟ, ಕೊಳ್ಳುವವನಿಗೂ ನಷ್ಟ. ರೈತರೇ ಹೊರಟು ನೂಲಿನವರ ಮನೆಗಳಿಗೆ ಹೋಗಿ, “ರಾಪ್ಪಾ ಸಾಯೇಬು, ನಾವಿದ್ದೀವಿ,” ಎಂದು ತೆಲುಗು ಬೆರೆಸಿ ಕರೆದು, ನಡುವೆ ಹಾಕಿಕೊಂಡು ಮಾರುಕಟ್ಟೆಗೆ ಕರೆತಂದರು. ಅಂದು ಹರಾಜು ನಡೆಯಿತು. ಯಾರೂ ಭಾಷಣ ಮಾಡಲಿಲ್ಲ.

ಇದನ್ನು ನಾನು ಮಾರ್ಗರೆಟ್‌ರವರಿಗೆ, ಶಾಂತಳ ಮುಖೇನ, ಚಹಾ ಕುಡಿಯುವಾಗ ಹೇಳಿದೆ. ಅವರು ಲೋಟವನ್ನು ಮೇಜಿನ ಮೇಲಿಟ್ಟು, “ಅವರಿಗೆ ಬೇಕಾಗಿರುವುದು ಖಾಲಿ ಬೀದಿ. ನಾವೇಕೆ ಖಾಲಿ ಬೀದಿಯನ್ನು ಕೊಡಬೇಕು? ಕುರ್ಚಿ ಹಾಕಿಕೊಂಡು ಹೊರಗೆ ಕೂರೋಣ,” ಎಂದರು.

“ಸುಮ್ಮನೆ ಕೂತರೆ ಭಯ ಜಾಸ್ತಿ ಆಗುತ್ತದೆ. ಕೈಗೆ ಕೆಲಸ ಬೇಕು,” ಎಂದೆ ನಾನು.

ಶನಿವಾರ

ಕೆಲಸ ನನ್ನ ಬಳಿಯೇ ಇತ್ತು. ಉಳಿದಿದ್ದ ಅವರೆಕಾಳನ್ನೆಲ್ಲ ಶುಕ್ರವಾರವೇ ನೀರಿಗೆ ಹಾಕಿದ್ದೆ. ನೆನೆದು ಉಬ್ಬಿದ ಕಾಳನ್ನು ಎರಡು ಬೆರಳ ನಡುವೆ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಬರುತ್ತದೆ. ನಮ್ಮ ಸೀಮೆಯಲ್ಲಿ ಹಿತಕಿದ ಬೇಳೆ ಸಾರೆಂದರೆ ಹಬ್ಬ; ಆದರೆ ಒಬ್ಬರೇ ಕುಳಿತು ಹಿತಕಿದರೆ ಸಂಜೆಯಾದರೂ ಮುಗಿಯದು. ಆದ್ದರಿಂದ ಕೇರಿಯ ಹೆಂಗಸರೆಲ್ಲ ಸುತ್ತ ಕೂರುವುದು ವಾಡಿಕೆ.

ಶನಿವಾರ ಮಧ್ಯಾಹ್ನ ಮಾರ್ಗರೆಟ್ ಮೊದಲು ಕುರ್ಚಿ ತಂದು ಶಾಂತಳ ಬಾಗಿಲ ಮುಂದೆ ಹಾಕಿ ಕುಳಿತರು. ನಾನು ಬೋಗುಣಿಯೊಂದಿಗೆ ಅವರ ಪಕ್ಕ ಕುಳಿತೆ. ಶಾಂತ ಹೊಸ್ತಿಲಲ್ಲೇ ನಿಂತಿದ್ದಳು. ಹೊರಗೂ ಬಾರಳು, ಒಳಗೂ ಹೋಗಳು. ಬೀದಿ ಖಾಲಿಯಿತ್ತು. ನಮ್ಮಿಬ್ಬರು ಮುದುಕಿಯರನ್ನು ಬಿಟ್ಟರೆ ಒಂದು ಬೆಕ್ಕಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ಆಗ ಎದುರುಮನೆಯ ಬಾಗಿಲು ತೆರೆಯಿತು. ಪೋಲೆಂಡ್ ದೇಶದಿಂದ ಬಂದು ಕೊಳಾಯಿ ಕೆಲಸ ಮಾಡಿಕೊಂಡಿರುವ ತೋಮಾಶ್ ಎಂಬಾತ ಕುರ್ಚಿ ಹಿಡಿದು ರಸ್ತೆ ದಾಟಿ ಬಂದ. ಅವನ ಹಿಂದೆ ಅವನ ಹೆಂಡತಿ. ಆಮೇಲೆ ಒಂದೊಂದಾಗಿ ಬಾಗಿಲುಗಳು. ಆ ಮನೆಗಳಲ್ಲಿ ಅಷ್ಟು ಜನರಿದ್ದರೆಂಬುದು ಶಾಂತಳಿಗೇ ತಿಳಿದಿರಲಿಲ್ಲವಂತೆ. ಕೊನೆಗೆ ಮೂಲೆಯಲ್ಲಿ ಅಂಗಡಿಯ ಬಾಗಿಲು ಮೇಲೆದ್ದ ಸದ್ದು ಕೇಳಿತು. ರಶೀದರು ಪತ್ನೀಸಮೇತ ಬಂದು, ನನ್ನನ್ನು ಅಕ್ಕನೆಂದು ಕರೆದು, “ಆಪಾ, ನಕ್ಕೋ ಅನ್ನಬೇಡಿ, ನಮಗೂ ಕೊಡಿ,” ಎಂದು ಬೋಗುಣಿಗೆ ಕೈಹಾಕಿದರು. ಶಾಂತ ಹೊಸ್ತಿಲು ದಾಟಿ ಬಂದು ನನ್ನ ಕಾಲ ಬಳಿ ಕುಳಿತದ್ದು ಆಗ.

ಹಿತಕುವುದು ಹೊಸಬರಿಗೆ ಬರುವುದಿಲ್ಲ. ಜೋರಾಗಿ ಒತ್ತಿದರೆ ಬೇಳೆ ಗುಂಡಿನಂತೆ ಹಾರುತ್ತದೆ. ತೋಮಾಶನ ಬೇಳೆ ರಶೀದರ ಗಡ್ಡಕ್ಕೆ ಬಿತ್ತು. ಮಾರ್ಗರೆಟ್‌ರವರದು ಗುಂಪಿನ ಸುದ್ದಿ ತಿಳಿದು ಅಷ್ಟರಲ್ಲಿ ಬಂದು ನಿಂತಿದ್ದ ಪೊಲೀಸಿನವನ ಎದೆಗೆ. “ನಾನು ಬೇಕೆಂದು ಮಾಡಲಿಲ್ಲ, ಹಿಡಿದುಕೊಂಡು ಹೋಗಬೇಡ,” ಎಂದರು ಅವರು. ಅವನೂ ನಕ್ಕ.

ಆ ಗುಂಪು ಬಂದದ್ದು ಇಂತಹ ಸಮಯದಲ್ಲಿ. ಹಿಡಿಯಷ್ಟು ಜನ, ಬೀದಿಯ ತುದಿಯಲ್ಲಿ. ಒಬ್ಬನು ಏನೋ ಕೂಗಿದ. ಶಾಂತಳ ಬೆರಳುಗಳು ನಿಂತವು. ಮಾರ್ಗರೆಟ್ ಬೋಗುಣಿಯಿಂದ ಒಂದು ಹಿಡಿ ಕಾಳು ತೆಗೆದು ಅವಳ ಮಡಿಲಿಗೆ ಹಾಕಿ, “ಕೆಲಸ ಮಾಡು, ಲವ್,” ಎಂದರು. (ಅಲ್ಲಿ ಅವರು ಎಲ್ಲರನ್ನೂ ‘ಲವ್’ ಎಂದೇ ಕರೆಯುತ್ತಾರೆ, ನಾವು ಮಕ್ಕಳನ್ನೂ ‘ಅಪ್ಪ’, ‘ಅಮ್ಮ’ ಎಂದು ಕರೆಯುವ ಹಾಗೆ.) ಇನ್ನೊಮ್ಮೆ ಕೂಗು ಕೇಳಿತು. ಯಾರೂ ಎದ್ದು ಹೋಗಲಿಲ್ಲ, ಯಾರೂ ಉತ್ತರ ಕೊಡಲಿಲ್ಲ. ಕೈಯಲ್ಲಿ ಕೆಲಸವಿರುವವರಿಗೆ ಬೈಗುಳ ಅರ್ಧವೇ ಕೇಳಿಸುತ್ತದೆ. ಅವರಲ್ಲೊಬ್ಬ ಫೋನಿನಲ್ಲಿ ನಮ್ಮನ್ನು ಚಿತ್ರೀಕರಿಸಲು ಹೋಗಿ, ಇವರೆಲ್ಲ ಇದೇನು ಮಾಡುತ್ತಿದ್ದಾರೆಂದು ತಿಳಿಯದೆ, ಕುತ್ತಿಗೆ ಚಾಚಿ ನೋಡಿದ. ಸ್ವಲ್ಪ ಹೊತ್ತು ನಿಂತಿದ್ದರು. ತುಂತುರು ಹನಿಯಿತು. ಹೊರಟುಹೋದರು.

ಅಷ್ಟೇ ನಡೆದದ್ದು. ಹಾಗೆಂದು ಅಲ್ಲಿಯ ಜನರೆಲ್ಲ ದೇವರಂಥವರೆಂದು ವರದಿ ಮಾಡಲು ಬರುವುದಿಲ್ಲ. ಬಣ್ಣ ಬಳಿದವನೂ ಅಲ್ಲಿಯವನೇ; ಅಂದು ಬಾಗಿಲು ತೆರೆಯದ ಮನೆಗಳೂ ಇದ್ದವು. ಅದನ್ನು ನಾನು ಮರೆಮಾಚುವುದಿಲ್ಲ.

ಸಂಜೆ ಶಾಂತಳೂ ನಾನೂ ಸೇರಿ ಸಾರು ಮಾಡಿದೆವು. ಅನ್ನದೊಂದಿಗೆ ಅದನ್ನು ಹೊರಗೆ ತಂದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಗುಂಪು ಬಂದಾಗಲೂ ಅಷ್ಟು ಹೆದರಿರಲಿಲ್ಲ. ಮಾರ್ಗರೆಟ್ ಮೊದಲು ತಟ್ಟೆ ಒಡ್ಡಿದರು. ಎರಡು ತುತ್ತಿಗೆ ಅವರ ಮೂಗು ಸೋರಿತು, ಕಣ್ಣು ಕೆಂಪಾಯಿತು. ಮೂಗೊರೆಸಿಕೊಂಡು ಪುನಃ ತಟ್ಟೆ ಒಡ್ಡಿದರು. ಅವರ ಹಿಂದೆ ಬೀದಿಗೆ ಬೀದಿಯೇ ತಟ್ಟೆ ಹಿಡಿದು ನಿಂತಿತ್ತು. ನಾನು ಎತ್ತರದಿಂದ ಬಡಿಸಲಿಲ್ಲ. ಪ್ರತಿಯೊಬ್ಬರ ತಟ್ಟೆಗೂ ಸೌಟು ತಾಗುವಂತೆ ಬಗ್ಗಿ ಬಡಿಸಿದೆ. ಬೆನ್ನು ನೋಯಿತು. ಆದರೂ ಹಾಗೆಯೇ ಬಡಿಸಿದೆ.

ವೆಂಕಟೇಶರ ಮರ

ಭಾನುವಾರ ಶಾಂತ ನನ್ನನ್ನು ಒಂದು ಉದ್ಯಾನಕ್ಕೆ ಕರೆದೊಯ್ದಳು. ಅಲ್ಲಿ ಒಂದು ಚೆರ್ರಿ ಮರದ ಬುಡದಲ್ಲಿ ವೆಂಕಟೇಶರ ಬೂದಿಯನ್ನು ಹಾಕಲಾಗಿದೆ. ಅವರು ಬಸ್ಸು ಓಡಿಸುತ್ತಿದ್ದರು. ಉದ್ಯಾನದ ಪಕ್ಕದಲ್ಲಿಯೇ ಅವರು ಓಡಿಸುತ್ತಿದ್ದ ಮಾರ್ಗದ ಬಸ್ಸು ಹಾದುಹೋಗುತ್ತದೆ. “ಲೇಟಾಗಿ ಬಂದ್ರೆ ಬೈಕೊಳ್ತಾರೆ ಇಲ್ಲಿಂದ್ಲೇ,” ಎಂದು ಶಾಂತ ನಕ್ಕಳು.

ಇಬ್ಬರೂ ಬೆಂಚಿನ ಮೇಲೆ ಕುಳಿತೆವು. ಗಂಡನಿಲ್ಲದ ಇಬ್ಬರು ಹೆಂಗಸರು ಮಾತನಾಡದೆ ಕೂರುವುದು ಎಷ್ಟು ಸುಲಭವೆಂಬುದನ್ನು ನಾನು ಅಂದು ಕಂಡೆ. ಒಂದು ಬಸ್ಸು ಹಾದುಹೋದ ಮೇಲೆ ಅವಳು ಹೇಳಿದಳು:

“ಅಕ್ಕ, ಟಿಕೆಟ್ ಬೇಡ.”

“ಅಣ್ಣ ರೂಮು ರೆಡಿ ಮಾಡವ್ರೆ ಕಣೇ.”

“ಗೊತ್ತು. ಬರಬೇಕು ಅನ್ನಿಸ್ದಾಗ ಖಂಡಿತ ಬರ್ತೀನಿ. ಓಡಿಸಿದಾಗ ಬರಲ್ಲ. ಹೆದರ್ಕೊಂಡು ಬಂದ್ರೆ ಆ ರೂಮಲ್ಲೂ ಸರಪಳಿ ಹಾಕ್ಕೊಂಡೇ ಕೂತಿರ್ತೀನಿ.”

“ಮತ್ತೆ ಅಣ್ಣ ಕೇಳ್ತಾರಲ್ಲ, ಹೆಚ್ಚುಕಮ್ಮಿ ಆದ್ರೆ ಯಾರು ಬರ್ತಾರೆ ಅಂತ? ಒಂದು ಶನಿವಾರ ಕೂತಿದ್ದು ಸರಿ. ದಿನಾ ಯಾರು ಕೂರ್ತಾರೆ?”

“ಅದು ನಂಗೂ ಗೊತ್ತಿಲ್ಲ,” ಎಂದಳು.

ಅವಳ ಮಾತು ನನಗೆ ಒಪ್ಪಿಗೆಯಾಯಿತು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಣ್ಣನಿಗೆ ಏನೆಂದು ಉತ್ತರ ಸಲ್ಲಿಸುವುದು?

ಹೊರಡುವ ದಿನ

ನನ್ನ ವಿಮಾನ ಮಧ್ಯಾಹ್ನಕ್ಕಿತ್ತು. ಚಿಕ್ಕಂದಿನಂತೆ ಒಂದೇ ಹಾಸಿಗೆಯಲ್ಲಿ ಮಲಗಿ ಮಾತನಾಡಿದ್ದರಿಂದ ಇಬ್ಬರಿಗೂ ಬೆಳಿಗ್ಗೆ ಎಚ್ಚರವಾಗಲಿಲ್ಲ. ಎಚ್ಚರವಾದದ್ದು ಬಾಗಿಲನ್ನು ಯಾರೋ ದಬದಬ ಬಡಿದಾಗ. ಬಡಿತ ನಿಲ್ಲುತ್ತಿಲ್ಲ. ಶಾಂತ ನನ್ನ ಕೈ ಹಿಡಿದುಕೊಂಡಳು. ಬಂದರು, ಅಂತೂ ಬಂದೇಬಿಟ್ಟರು ಎಂದು ನಾನು ಭಾವಿಸಿದೆ. ಅಷ್ಟರಲ್ಲಿ ಕೆಳಗಿನಿಂದ, “ಶಾಂತಾ! ಶಾಂತಾ, ಲವ್!” ಎಂಬ ಕೂಗು.

ಓಡಿ ಹೋಗಿ ಸರಪಳಿ ತೆಗೆದೆವು. ಮಾರ್ಗರೆಟ್ ರಾತ್ರಿಯುಡುಪಿನ ಮೇಲೆ ಕೋಟು ತೊಟ್ಟು ನಿಂತಿದ್ದರು; ಹೊತ್ತೇರಿದರೂ ನಮ್ಮ ಕಿಟಕಿಯ ಪರದೆ ಸರಿಯದ್ದನ್ನು ಕಂಡು, ಶಾಂತಳಿಗೆ ಏನಾದರೂ ಹೆಚ್ಚುಕಮ್ಮಿಯಾಯಿತೇನೋ ಎಂದು ಓಡಿ ಬಂದಿದ್ದರು.